ಹೊರಗಿನವರ ಕಣ್ಣಲ್ಲಿ ಸಾರಾ ಪೇಲಿನ್: ವಿದೇಶಿ ಅಭಿಪ್ರಾಯಗಳನ್ನು ಓದಿ, ತೂಗಿ, ಕನ್ನಡದಲ್ಲಿ ಬರೆಯುವ ಕ್ರಮ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯುವ ವರ್ಷ ಬಂತೆಂದರೆ ಮೈಸೂರು ಮತ್ತು ಮಂಡ್ಯದ ಪದವಿ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗೂ ಪ್ರಬಂಧಸ್ಪರ್ಧೆಗೂ ಅದೇ ವಿಷಯವಾಗುತ್ತದೆ. ವಿದ್ಯಾರ್ಥಿಗಳು ಉತ್ಸಾಹದಿಂದಲೇ ಸಿದ್ಧರಾಗುತ್ತಾರೆ. ಆದರೆ ಅವರ ಬರಹಗಳಲ್ಲಿ "ಜಗತ್ತೇ ಆಕೆಯನ್ನು ನೋಡಿ ನಕ್ಕಿತು", "ಯುರೋಪ್ ಬೆಚ್ಚಿಬಿದ್ದಿತು" ಎಂಬಂಥ ವಾಕ್ಯಗಳು ಬರುತ್ತವೆಯೇ ಹೊರತು, ನಕ್ಕವರು ಯಾರು, ಬೆಚ್ಚಿದವರು ಯಾವ ದೇಶದವರು, ಯಾವ ಮಾತಿಗೆ, ಯಾವ ದಿನ ಎಂಬ ವಿವರ ಬರುವುದಿಲ್ಲ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಭಾನುವಾರ ಸೇರುವ ಓದಿನ ಕೂಟಕ್ಕೆ ಬರುವ ವಿದ್ಯಾರ್ಥಿಗಳಿಗೆ ನಾನು ಈ ಅಭ್ಯಾಸವನ್ನು 2008ರ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರಿಂದ ಆರಂಭಿಸುತ್ತೇನೆ. ಅವರ ಬಗ್ಗೆ ಹೊರದೇಶದವರು ಆಡದ ಮಾತಿಲ್ಲ, ಅವರ ಸಂದರ್ಶನಗಳ ಪೂರ್ಣ ಪಾಠ ಇಂದಿಗೂ ಓದಲು ಸಿಗುತ್ತದೆ, ಮತ್ತು ಚುನಾವಣೆ ಮುಗಿದು ಇಷ್ಟು ವರ್ಷಗಳಾಗಿರುವುದರಿಂದ ಆಡಿದ ಮಾತನ್ನೂ ನಡೆದ ಸಂಗತಿಯನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಿದೆ.

ಮೊದಲು ಹುದ್ದೆಗಳನ್ನು ಸರಿಯಾಗಿ ತಿಳಿಯಿರಿ

ವಿದೇಶಿ ಅಭಿಪ್ರಾಯವನ್ನು ಓದುವುದಕ್ಕೂ ಮೊದಲು ಮೂರು ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು: ಮೇಯರ್, ಗವರ್ನರ್, ಉಪಾಧ್ಯಕ್ಷ. ಈ ಮೂರೂ ನಮಗೆ ಗೊತ್ತಿರುವ ಪದಗಳೇ, ಮತ್ತು ಗೊತ್ತಿರುವುದರಿಂದಲೇ ದಾರಿ ತಪ್ಪಿಸುತ್ತವೆ.

ಪೇಲಿನ್ ಅವರು 1996ರಿಂದ 2002ರವರೆಗೆ ಅಮೆರಿಕದ ಅಲಾಸ್ಕ ರಾಜ್ಯದ ವಸಿಲ್ಲ ಎಂಬ ಪಟ್ಟಣದ ಮೇಯರ್ ಆಗಿದ್ದರು. 2000ದ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 5,500 ಜನ. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮ ಪಂಚಾಯಿತಿಯಷ್ಟು. ಮೈಸೂರಿನವರು ಮೇಯರ್ ಎಂದಾಗ ಕಾರ್ಪೊರೇಟರ್‌ಗಳು ಸೇರಿ ವರ್ಷದ ಅವಧಿಗೆ ಆರಿಸುವ, ಆಡಳಿತದ ನಿಜವಾದ ಹೊಣೆ ಪಾಲಿಕೆಯ ಆಯುಕ್ತರ ಬಳಿ ಇರುವ ಹುದ್ದೆಯನ್ನು ಕಲ್ಪಿಸಿಕೊಳ್ಳುತ್ತಾರೆ. ವಸಿಲ್ಲದ ಮೇಯರ್ ಹಾಗಲ್ಲ. ಜನರಿಂದ ನೇರವಾಗಿ ಆರಿಸಿ ಬಂದು, ಸಿಬ್ಬಂದಿಯನ್ನು ನೇಮಿಸಿ, ಆಯವ್ಯಯವನ್ನು ನಡೆಸುವ ಆಡಳಿತಗಾರ ಆತ. ಊರು ಚಿಕ್ಕದು, ಹೊಣೆ ಪೂರ್ತಿ. "ಆಕೆ ಒಂದು ಹಳ್ಳಿಯ ಮೇಯರ್ ಅಷ್ಟೇ" ಎಂದು ಬರೆದ ವಿದೇಶಿ ಅಂಕಣಕಾರ ಮೊದಲರ್ಧವನ್ನು ಹೇಳಿದ್ದಾನೆ, ಎರಡನೆಯ ಅರ್ಧವನ್ನು ಬಿಟ್ಟಿದ್ದಾನೆ.

ಗವರ್ನರ್ ಪದದ ತೊಡಕು ಇನ್ನೂ ದೊಡ್ಡದು. ನಮಗೆ ಗವರ್ನರ್ ಎಂದರೆ ರಾಜ್ಯಪಾಲರು. ಕೇಂದ್ರದಿಂದ ನೇಮಕವಾಗಿ ರಾಜಭವನದಲ್ಲಿರುವವರು. ಅಮೆರಿಕದ ಗವರ್ನರ್ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಪೇಲಿನ್ ಅವರು 2006ರಲ್ಲಿ ತಮ್ಮದೇ ಪಕ್ಷದ ಹಾಲಿ ಗವರ್ನರ್ ಫ್ರ್ಯಾಂಕ್ ಮುರ್ಕೌಸ್ಕಿ ಅವರನ್ನು ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಿ, ನಂತರ ಮಾಜಿ ಗವರ್ನರ್ ಟೋನಿ ನೋಲ್ಸ್ ಅವರನ್ನು ಸೋಲಿಸಿ, ಅಲಾಸ್ಕದ ಮೊದಲ ಮಹಿಳಾ ಗವರ್ನರ್ ಆದರು. ಅಲಾಸ್ಕದ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿನ ಜನಸಂಖ್ಯೆ ಆಗ 7 ಲಕ್ಷಕ್ಕೂ ಕಡಿಮೆ. 2011ರ ಗಣತಿಯಲ್ಲಿ ಮೈಸೂರು ನಗರವೊಂದರಲ್ಲೇ 9 ಲಕ್ಷಕ್ಕೂ ಹೆಚ್ಚು ಜನರಿದ್ದರು. ಈ ಎರಡು ಅಂಕಿಗಳಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡರೆ ಪೇಲಿನ್ ಅವರನ್ನು ದೊಡ್ಡವರನ್ನಾಗಿಯೂ ಮಾಡಬಹುದು, ಸಣ್ಣವರನ್ನಾಗಿಯೂ ಮಾಡಬಹುದು. ಹೊರಗಿನ ಬರಹಗಾರರು ಎರಡನ್ನೂ ಮಾಡಿದ್ದಾರೆ. ನೀವು ಎರಡೂ ಅಂಕಿಗಳನ್ನು ಒಟ್ಟಿಗೆ ಬರೆಯಿರಿ.

ಇನ್ನು ಉಪಾಧ್ಯಕ್ಷ. ನಮ್ಮ ಉಪರಾಷ್ಟ್ರಪತಿಯನ್ನು ಸಂಸತ್ತಿನ ಸದಸ್ಯರು ಬೇರೆಯಾಗಿಯೇ ಆರಿಸುತ್ತಾರೆ. ರಾಷ್ಟ್ರಪತಿ ಅವಧಿಯ ನಡುವೆ ತೀರಿಕೊಂಡರೆ ಹೊಸ ಚುನಾವಣೆ ಆಗುವವರೆಗೆ ಮಾತ್ರ ಉಪರಾಷ್ಟ್ರಪತಿ ಆ ಸ್ಥಾನವನ್ನು ನಿರ್ವಹಿಸುತ್ತಾರೆ. ನಮ್ಮವರೇ ಆದ ಬಿ.ಡಿ. ಜತ್ತಿ ಅವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ಅವರ ನಿಧನದ ನಂತರ ಹಂಗಾಮಿ ರಾಷ್ಟ್ರಪತಿಯಾಗಿ, ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಅವರಿಗೆ ಸ್ಥಾನವನ್ನು ಬಿಟ್ಟುಕೊಟ್ಟರು. ಅಮೆರಿಕದಲ್ಲಿ ಹಾಗೆ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಅಧ್ಯಕ್ಷ ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷ ಉಳಿದ ಅವಧಿಗೆ ಪೂರ್ಣಾಧಿಕಾರದ ಅಧ್ಯಕ್ಷನಾಗುತ್ತಾನೆ, ಅಣ್ವಸ್ತ್ರದ ಆದೇಶವೂ ಅವನ ಕೈಗೇ ಬರುತ್ತದೆ. 1841ರ ಜಾನ್ ಟೈಲರ್ ಅವರಿಂದ 1974ರ ಜೆರಾಲ್ಡ್ ಫೋರ್ಡ್ ಅವರವರೆಗೆ ಒಂಬತ್ತು ಜನ ಹೀಗೆ ಅಧ್ಯಕ್ಷರಾಗಿದ್ದಾರೆ. ಪೇಲಿನ್ ಅವರನ್ನು ಆರಿಸಿಕೊಂಡ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಅವರಿಗೆ ಅವರ ಹೆಸರನ್ನು ಪ್ರಕಟಿಸಿದ ದಿನವೇ, 2008ರ ಆಗಸ್ಟ್ 29ರಂದು, 72 ತುಂಬಿತ್ತು. ಹಿಂದೆ ಅವರಿಗೆ ಚರ್ಮದ ಕ್ಯಾನ್ಸರ್ ಆಗಿತ್ತು. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಕುಳಿತವರು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯ ಬಗ್ಗೆ ಇಷ್ಟೊಂದು ಏಕೆ ತಲೆ ಕೆಡಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದನ್ನು ವಿವರಿಸದ ಕನ್ನಡ ಪ್ರಬಂಧವನ್ನು ಓದಿದವರಿಗೆ ಆ ಆತಂಕ ಅನಗತ್ಯ ಗಲಾಟೆಯಾಗಿ ಕಾಣುತ್ತದೆ.

ದಿನಾಂಕಗಳ ಹಾಳೆ

ಎರಡನೆಯ ಕೆಲಸ ಸುಲಭ, ಆದರೆ ಬಿಡುವಂತಿಲ್ಲ. ಒಂದು ಹಾಳೆಯ ಎಡಭಾಗದಲ್ಲಿ ಘಟನೆಗಳ ದಿನಾಂಕ ಬರೆಯಿರಿ: ಆಗಸ್ಟ್ 29 ಹೆಸರಿನ ಘೋಷಣೆ, ಸೆಪ್ಟೆಂಬರ್ 3 ಸೇಂಟ್ ಪಾಲ್ ನಗರದಲ್ಲಿ ನಡೆದ ಪಕ್ಷದ ಸಮಾವೇಶದ ಭಾಷಣ, ಸೆಪ್ಟೆಂಬರ್ 11 ಎಬಿಸಿ ವಾಹಿನಿಯಲ್ಲಿ ಚಾರ್ಲ್ಸ್ ಗಿಬ್ಸನ್ ನಡೆಸಿದ ಸಂದರ್ಶನದ ಮೊದಲ ಭಾಗ, ಸೆಪ್ಟೆಂಬರ್ 24ರಿಂದ ಸಿಬಿಎಸ್‌ನಲ್ಲಿ ಕೇಟಿ ಕೌರಿಕ್ ಸಂದರ್ಶನದ ಕಂತುಗಳು, ಅಕ್ಟೋಬರ್ 2 ಎದುರಾಳಿ ಉಪಾಧ್ಯಕ್ಷ ಅಭ್ಯರ್ಥಿ ಜೋ ಬೈಡನ್ ಜೊತೆಗಿನ ಚರ್ಚೆ, ನವೆಂಬರ್ 4 ಮತದಾನ, ಮುಂದೆ 2009ರ ಜುಲೈನಲ್ಲಿ ಅವಧಿ ಮುಗಿಯುವ ಮೊದಲೇ ಗವರ್ನರ್ ಸ್ಥಾನಕ್ಕೆ ರಾಜೀನಾಮೆ. ಬಲಭಾಗದಲ್ಲಿ ನೀವು ಓದಿದ ಪ್ರತಿಯೊಂದು ವಿದೇಶಿ ಲೇಖನವನ್ನು ಅದು ಪ್ರಕಟವಾದ ದಿನದ ಎದುರಿಗೆ ಇಡಿ. ಸೆಪ್ಟೆಂಬರ್ 5ರಂದು ಆಕೆಯ ಭಾಷಣವನ್ನು ಮೆಚ್ಚಿ ಬರೆದವನನ್ನು, ಕೌರಿಕ್ ಅವರ ಪ್ರಶ್ನೆಗಳಿಗೆ ಆಕೆ ತಡವರಿಸಿದ್ದನ್ನು ಕಾಣದ ಕುರುಡ ಎಂದು ಬೈಯುವಂತಿಲ್ಲ. ಆ ಸಂದರ್ಶನ ಆಗ ನಡೆದೇ ಇರಲಿಲ್ಲ.

ಕಾಲವಲಯದ ಲೆಕ್ಕವನ್ನೂ ಮರೆಯಬೇಡಿ. ಅಕ್ಟೋಬರ್ 2ರ ಚರ್ಚೆ ಸೇಂಟ್ ಲೂಯಿಸ್‌ನಲ್ಲಿ ರಾತ್ರಿ ನಡೆದಾಗ ಇಲ್ಲಿ ಅಕ್ಟೋಬರ್ 3ರ ಬೆಳಗಿನ ಆರೂವರೆ. ಮೈಸೂರಿನಲ್ಲಿ ಆ ವರ್ಷದ ನವರಾತ್ರಿ ನಡೆಯುತ್ತಿತ್ತು. ಆ ಚರ್ಚೆಯ ವರದಿ ನಮ್ಮ ದಿನಪತ್ರಿಕೆಗಳಿಗೆ ಬರಬೇಕಾದರೆ 4ನೆಯ ತಾರೀಖಾಗಲೇಬೇಕು. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯ ಕಟ್ಟುಗಳನ್ನು ತೆಗೆಸಿ ನೋಡುವವರು 3ನೆಯ ತಾರೀಖಿನದನ್ನು ತಿರುವಿ "ನಮ್ಮವರು ಇದನ್ನು ಗಮನಿಸಲೇ ಇಲ್ಲ" ಎಂದು ತೀರ್ಮಾನಿಸಬಾರದು.

ದಿನಾಂಕದ ಮಹತ್ವಕ್ಕೆ ನಾನು ಕೊಡುವ ಮುಖ್ಯ ಉದಾಹರಣೆ ಬಿಬಿಸಿ ವರ್ಲ್ಡ್ ಸರ್ವಿಸ್ 22 ದೇಶಗಳಲ್ಲಿ ಮಾಡಿಸಿದ ಸಮೀಕ್ಷೆ. ಅದು ಸೆಪ್ಟೆಂಬರ್ 10ರ ಸುಮಾರಿಗೆ ಪ್ರಕಟವಾಯಿತು. 22 ದೇಶಗಳಲ್ಲೂ ಮೆಕೇನ್ ಅವರ ಎದುರಾಳಿ ಒಬಾಮ ಅವರತ್ತಲೇ ಒಲವು. ಒಟ್ಟಾರೆ ಒಬಾಮ ಪರ ಶೇ. 49, ಮೆಕೇನ್ ಪರ ಶೇ. 12. ಇದನ್ನು "ಪೇಲಿನ್ ಆಯ್ಕೆಯನ್ನು ಜಗತ್ತು ತಿರಸ್ಕರಿಸಿತು" ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ಆದರೆ ಪ್ರಶ್ನೆಗಳನ್ನು ಕೇಳಿದ್ದು ಜುಲೈ ಮತ್ತು ಆಗಸ್ಟ್‌ನಲ್ಲಿ, ಪೇಲಿನ್ ಅವರ ಹೆಸರು ಹೊರಬೀಳುವ ಮೊದಲು. ಆ ಸಮೀಕ್ಷೆ ಪೇಲಿನ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದರಲ್ಲಿ ನಮಗೆ ಸಂಬಂಧಿಸಿದ ಇನ್ನೊಂದು ವಿವರವಿದೆ: ಒಬಾಮ ಅವರಿಗಿದ್ದ ಮುನ್ನಡೆ ಕೀನ್ಯಾದಲ್ಲಿ ಶೇ. 82ರಷ್ಟಿದ್ದರೆ ಭಾರತದಲ್ಲಿ ಶೇ. 9 ಮಾತ್ರ, 22 ದೇಶಗಳಲ್ಲೇ ಅತಿ ಕಡಿಮೆ. "ಜಗತ್ತು" ಎಂದು ಬರೆಯುವ ಭಾರತೀಯ ಲೇಖಕ ಈ ಅಂಕಿಯನ್ನು ಕಂಡಾದರೂ ಒಂದು ಕ್ಷಣ ನಿಲ್ಲಬೇಕು.

ಮೂಲವಾಕ್ಯ ಸಿಗುವವರೆಗೆ ಹುಡುಕಿ

ಪೇಲಿನ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು "ನಮ್ಮ ಮನೆಯಿಂದ ರಷ್ಯಾ ಕಾಣಿಸುತ್ತದೆ" ಎಂಬುದು. ಹಿಂದೊಮ್ಮೆ ನಾನು ತೀರ್ಪುಗಾರಳಾಗಿ ಹೋಗಿದ್ದ ಚರ್ಚಾಸ್ಪರ್ಧೆಯಲ್ಲಿ ಮೂವರು ಸ್ಪರ್ಧಿಗಳು ಈ ಮಾತನ್ನು ಪೇಲಿನ್ ಅವರದೆಂದೇ ಹೇಳಿದರು, ಮತ್ತು ಅವರಿಗೆ ಸಿದ್ಧತೆ ಮಾಡಿಸಿದ ಅಧ್ಯಾಪಕರೂ ಅದನ್ನು ಸಮರ್ಥಿಸಿದರು. ಆ ಮಾತನ್ನು ಆಡಿದವರು ಸೆಪ್ಟೆಂಬರ್ 13ರ ಸ್ಯಾಟರ್ಡೇ ನೈಟ್ ಲೈವ್ ಎಂಬ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಪೇಲಿನ್ ವೇಷ ಹಾಕಿದ್ದ ನಟಿ ಟೀನಾ ಫೇ. ಪೇಲಿನ್ ಅವರು ಗಿಬ್ಸನ್ ಅವರಿಗೆ ಹೇಳಿದ್ದು, ರಷ್ಯನ್ನರು ನಮ್ಮ ನೆರೆಯವರು, ಅಲಾಸ್ಕದ ನೆಲದಿಂದ, ಅಲಾಸ್ಕದ ಒಂದು ದ್ವೀಪದಿಂದ, ರಷ್ಯಾವನ್ನು ನಿಜವಾಗಿಯೂ ಕಾಣಬಹುದು ಎಂದು. ಭೂಗೋಳದ ಮಟ್ಟಿಗೆ ಇದು ಸರಿ. ಬೇರಿಂಗ್ ಜಲಸಂಧಿಯಲ್ಲಿರುವ ಅಮೆರಿಕದ ಲಿಟಲ್ ಡಯೋಮೀಡ್ ದ್ವೀಪಕ್ಕೂ ರಷ್ಯಾದ ಬಿಗ್ ಡಯೋಮೀಡ್ ದ್ವೀಪಕ್ಕೂ ನಡುವೆ ಇರುವುದು ಸುಮಾರು 4 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಅರಮನೆಯಿಂದ ಮಾನಸಗಂಗೋತ್ರಿಗೆ ಇರುವಷ್ಟು ದೂರ.

ಆದರೆ ಇಲ್ಲಿಗೇ ನಿಲ್ಲಿಸಿ ಪೇಲಿನ್ ಅವರ ಪರ ತೀರ್ಪು ಕೊಡುವುದೂ ಅರ್ಧ ಕೆಲಸವೇ. ಗಿಬ್ಸನ್ ಕೇಳಿದ್ದು ರಷ್ಯಾ ಕಾಣಿಸುತ್ತದೆಯೇ ಎಂದಲ್ಲ. ಆ ಸಾಮೀಪ್ಯದಿಂದ ರಷ್ಯಾದ ಇತ್ತೀಚಿನ ನಡೆಗಳ ಬಗ್ಗೆ ನಿಮಗೆ ಯಾವ ಒಳನೋಟ ಸಿಕ್ಕಿದೆ ಎಂದು. ಆ ಪ್ರಶ್ನೆಗೆ ಆ ಉತ್ತರ ಸಾಲದು, ಮತ್ತು ಗಂಭೀರ ವಿದೇಶಿ ವಿಮರ್ಶಕರ ಆಕ್ಷೇಪ ಇದ್ದದ್ದು ಅಲ್ಲಿ. ಹಾಸ್ಯನಟಿಯ ವಾಕ್ಯವನ್ನು ಅಭ್ಯರ್ಥಿಯ ಬಾಯಿಗೆ ತುರುಕಿದರೆ ಅಭ್ಯರ್ಥಿಗೆ ಅನ್ಯಾಯವಾಗುತ್ತದೆ, ಆ ವಿಮರ್ಶಕರ ನ್ಯಾಯವಾದ ಆಕ್ಷೇಪವೂ ನಗೆಯಲ್ಲಿ ಕರಗಿಹೋಗುತ್ತದೆ. ಆ ಹಾಸ್ಯ ಗಡಿ ದಾಟಿದ್ದಕ್ಕೆ ಸಾಕ್ಷಿಯೂ ಇದೆ. ಮತದಾನಕ್ಕೆ ಮೂರು ದಿನ ಮುಂಚೆ ಮಾಂಟ್ರಿಯಲ್‌ನ ಇಬ್ಬರು ರೇಡಿಯೋ ಹಾಸ್ಯಗಾರರು ಫ್ರಾನ್ಸ್ ಅಧ್ಯಕ್ಷ ಸಾರ್ಕೋಜಿ ಎಂದು ಹೇಳಿಕೊಂಡು ಪೇಲಿನ್ ಅವರಿಗೆ ದೂರವಾಣಿ ಕರೆ ಮಾಡಿ, ನಮ್ಮ ಮನೆಯಿಂದ ಬೆಲ್ಜಿಯಂ ಕಾಣಿಸುತ್ತದೆ ಎಂದು ಮಾತಿಗೆಳೆದರು. ಆ ಹೊತ್ತಿಗೆ ನಟಿಯ ಮಾತು ಹೊರದೇಶದವರ ಪಾಲಿಗೂ ಎಲ್ಲರಿಗೂ ತಿಳಿದ ಸಂಗತಿಯಾಗಿಬಿಟ್ಟಿತ್ತು.

ಇದೇ ಎಚ್ಚರ ಪುಸ್ತಕ ನಿಷೇಧದ ಕಥೆಗೂ ಬೇಕು. ವಸಿಲ್ಲದ ಗ್ರಂಥಾಲಯದಲ್ಲಿ ಪೇಲಿನ್ ಅವರು ನಿಷೇಧಿಸಿದರು ಎನ್ನಲಾದ ಪುಸ್ತಕಗಳ ಉದ್ದನೆಯ ಪಟ್ಟಿಯೊಂದು ಆ ಸೆಪ್ಟೆಂಬರ್‌ನಲ್ಲಿ ಇಮೇಲ್ ಮೂಲಕ ದೇಶದೇಶಗಳಿಗೆ ಹರಡಿತು. ಅವರು ಗ್ರಂಥಪಾಲಕಿಯನ್ನು ಪುಸ್ತಕ ತೆಗೆದುಹಾಕುವ ಸಾಧ್ಯತೆಯ ಬಗ್ಗೆ ಕೇಳಿದ್ದು ನಿಜ. ಪುಸ್ತಕಗಳು ನಿಷೇಧವಾಗಿದ್ದು ಸುಳ್ಳು. ಅವರು ಹಾಗೆ ಕೇಳಿದ ಹೊತ್ತಿಗೆ ಇನ್ನೂ ಅಚ್ಚಾಗಿರದ ಪುಸ್ತಕಗಳ ಹೆಸರೂ ಆ ಪಟ್ಟಿಯಲ್ಲಿದ್ದವು.

ನೋಡುವವರು ಎಲ್ಲಿ ನಿಂತಿದ್ದಾರೆ

ಈ ಭಾಗಕ್ಕೆ ಬಂದಾಗ ಮಂಡ್ಯದಿಂದ ಬರುವ ವಿದ್ಯಾರ್ಥಿಗಳು ಎಲ್ಲರಿಗಿಂತ ಬೇಗ ವಿಷಯ ಹಿಡಿಯುತ್ತಾರೆ. ಕನ್ನಂಬಾಡಿ ಕಟ್ಟೆಯಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಒಂದೇ ಸುದ್ದಿ ಮದ್ದೂರಿನಲ್ಲಿ ಒಂದು ಬಗೆಯಲ್ಲಿ, ತಂಜಾವೂರಿನಲ್ಲಿ ಇನ್ನೊಂದು ಬಗೆಯಲ್ಲಿ, ದೆಹಲಿಯ ಪತ್ರಿಕೆಯಲ್ಲಿ ಮತ್ತೊಂದು ಬಗೆಯಲ್ಲಿ ಓದಿಸಿಕೊಳ್ಳುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾಲೆಯ ಮೇಲ್ಭಾಗದವನೂ ಕೆಳಭಾಗದವನೂ ಒಂದೇ ನೀರಿನ ಬಗ್ಗೆ ಮಾತಾಡುತ್ತಿದ್ದರೂ ಒಂದೇ ಮಾತನ್ನು ಆಡುವುದಿಲ್ಲ. ಪ್ರತಿಯೊಂದು ವಿದೇಶಿ ಲೇಖನದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದುಕೊಳ್ಳಿ: ಇವರು ನಾಲೆಯ ಯಾವ ತುದಿಯವರು?

ಕೆನಡಾವನ್ನು ತೆಗೆದುಕೊಳ್ಳಿ. ಅಲಾಸ್ಕದೊಂದಿಗೆ 2,400 ಕಿಲೋಮೀಟರ್‌ಗೂ ಉದ್ದವಾದ ಗಡಿ ಇರುವುದು ಆ ದೇಶಕ್ಕೆ ಮಾತ್ರ. ಪೇಲಿನ್ ಅವರು ಮುಂದಿಟ್ಟಿದ್ದ ಅನಿಲ ಕೊಳವೆಮಾರ್ಗದ ಪರವಾನಗಿ ಅದೇ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದದ್ದು ಕೆನಡಾದ ಟ್ರಾನ್ಸ್‌ಕೆನಡಾ ಕಂಪನಿಯ ಪಾಲಿಗೆ. ಇನ್ನೊಂದು ಕಡೆ, ಅವರು ಬಯಸಿದ್ದ ಆರ್ಕ್ಟಿಕ್ ವನ್ಯಜೀವಿ ಧಾಮದ ತೈಲ ಕೊರೆತವನ್ನು ಕೆನಡಾ ಬಹಳ ವರ್ಷಗಳಿಂದ ವಿರೋಧಿಸುತ್ತ ಬಂದಿತ್ತು; ಅಲ್ಲಿ ಮರಿ ಹಾಕುವ ಕಾರಿಬೂ ಜಿಂಕೆಗಳ ಹಿಂಡು ಗಡಿ ದಾಟಿ ಯೂಕಾನ್‌ಗೆ ಬರುತ್ತದೆ. ಹೀಗಾಗಿ ಕೆನಡಾದ ಅಭಿಪ್ರಾಯದಲ್ಲಿ ಲಾಭವೂ ಕಳವಳವೂ ಒಟ್ಟಿಗೇ ಇದ್ದವು. ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಬಗೆಯೂ ಇತ್ತು: ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ಜಾಲತಾಣದಲ್ಲಿ ಅಂಕಣಗಾರ್ತಿಯೊಬ್ಬರು ಪೇಲಿನ್ ಅವರನ್ನೂ ಅವರ ಬೆಂಬಲಿಗರನ್ನೂ ಹೀನಾಯವಾಗಿ ಬರೆದರು, ದೂರುಗಳು ಬಂದವು, ದೂರುಗಳನ್ನು ವಿಚಾರಿಸುವ ಸಂಸ್ಥೆಯ ಓಂಬುಡ್ಸ್‌ಮನ್ ಆ ಬರಹವನ್ನು ಟೀಕಿಸಿದರು, ಸಂಸ್ಥೆ ತಪ್ಪೊಪ್ಪಿಕೊಂಡಿತು. "ಕೆನಡಾದವರು ಆಕೆಯನ್ನು ಹೀಗಳೆದರು" ಎಂದು ಬರೆಯುವವರು ಅದೇ ದೇಶ ಆ ಹೀಗಳಿಕೆಯನ್ನು ಒಪ್ಪಲಿಲ್ಲ ಎಂಬುದನ್ನೂ ಬರೆಯಬೇಕು.

ಯುರೋಪ್ ಒಂದು ನೋಟವಲ್ಲ. 2008ರ ಆಗಸ್ಟ್‌ನಲ್ಲಿ ರಷ್ಯಾ ಮತ್ತು ಜಾರ್ಜಿಯಾ ನಡುವೆ ಯುದ್ಧ ನಡೆದು ಕೆಲವೇ ವಾರಗಳಾಗಿದ್ದವು. ಜಾರ್ಜಿಯಾ ನೇಟೋ ಸೇನಾ ಮೈತ್ರಿಕೂಟದ ಸದಸ್ಯನಾಗಿ ರಷ್ಯಾ ಮತ್ತೆ ದಾಳಿ ಮಾಡಿದರೆ ಅಮೆರಿಕ ಯುದ್ಧಕ್ಕೆ ಹೋಗಬೇಕಾಗುತ್ತದೆಯೇ ಎಂಬ ಗಿಬ್ಸನ್ ಅವರ ಪ್ರಶ್ನೆಗೆ ಪೇಲಿನ್ ಅವರು, ಬಹುಶಃ ಹೌದು, ಮಿತ್ರರಾಷ್ಟ್ರವಾದರೆ ಒಪ್ಪಂದ ಇರುವುದೇ ಹಾಗೆ, ಎಂಬ ಅರ್ಥದ ಉತ್ತರ ಕೊಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಶೃಂಗಸಭೆಯಲ್ಲಿ ಜಾರ್ಜಿಯಾ ಮತ್ತು ಉಕ್ರೇನನ್ನು ನೇಟೋ ಸದಸ್ಯತ್ವದ ಮುಂದಿನ ಹಂತಕ್ಕೆ ಒಯ್ಯುವುದನ್ನು ತಡೆದ ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ಕುಳಿತವನಿಗೆ ಈ ಉತ್ತರ ಕೇಳಿಸುವ ಬಗೆ ಬೇರೆ, ರಷ್ಯಾದ ಟ್ಯಾಂಕುಗಳನ್ನು ಕಣ್ಣಾರೆ ಕಂಡಿದ್ದ ಜಾರ್ಜಿಯಾದ ನಾಗರಿಕನಿಗೆ ಕೇಳಿಸುವ ಬಗೆ ಬೇರೆ. ಪಶ್ಚಿಮ ಯುರೋಪಿನಲ್ಲಿ ಇನ್ನೊಂದು ಕಾರಣವೂ ಇತ್ತು: ಹವಾಮಾನ ಬದಲಾವಣೆಯಲ್ಲಿ ಮನುಷ್ಯನ ಪಾತ್ರದ ಬಗ್ಗೆ ಪೇಲಿನ್ ಅವರು ಸಂಶಯ ತೋರಿದ್ದರು, ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದನ್ನು ಅವರ ರಾಜ್ಯ ಸರ್ಕಾರ ನ್ಯಾಯಾಲಯದಲ್ಲಿ ಪ್ರಶ್ನಿಸಿತ್ತು.

ಬ್ರಿಟನ್ನಿನ ದಿ ಎಕನಾಮಿಸ್ಟ್ ವಾರಪತ್ರಿಕೆಯ ಟೀಕೆ ಓದಲು ಯೋಗ್ಯವಾದದ್ದು. ಅಕ್ಟೋಬರ್ ಕೊನೆಯಲ್ಲಿ ಒಬಾಮ ಅವರನ್ನು ಬೆಂಬಲಿಸಿದ ಸಂಪಾದಕೀಯದಲ್ಲಿ ಅದು ಪೇಲಿನ್ ಅವರಿಗಿಂತ ಮೆಕೇನ್ ಅವರನ್ನೇ ಹೆಚ್ಚು ದೂರಿತು: ಕೇವಲ ಎರಡು ಬಾರಿ ಭೇಟಿಯಾದವರನ್ನು ಇಷ್ಟು ದೊಡ್ಡ ಸ್ಥಾನಕ್ಕೆ ಆರಿಸಿದ್ದು ಅಜಾಗರೂಕತೆ ಎಂಬುದು ಅದರ ವಾದ. ಅಭ್ಯರ್ಥಿಯ ಮೇಲಿನ ಟೀಕೆಯನ್ನೂ ಅಭ್ಯರ್ಥಿಯನ್ನು ಆರಿಸಿದವರ ಮೇಲಿನ ಟೀಕೆಯನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಆ ಪತ್ರಿಕೆಯ ಓದುಗರಲ್ಲಿ ಅಮೆರಿಕನ್ನರೇ ಹೆಚ್ಚಿರುವುದರಿಂದ ಅದನ್ನು ಪೂರ್ತಿ ಹೊರಗಿನ ದನಿ ಎನ್ನಬೇಕೇ ಎಂಬುದನ್ನೂ ಯೋಚಿಸಿ.

ರಾಷ್ಟ್ರನಾಯಕರ ಮಾತುಗಳನ್ನು ಅಭಿಪ್ರಾಯಗಳೆಂದು ಎಣಿಸುವಾಗ ಬಹಳ ಜಾಗ್ರತೆ ಬೇಕು. ಸೆಪ್ಟೆಂಬರ್ 23 ಮತ್ತು 24ರಂದು ನ್ಯೂಯಾರ್ಕ್‌ನಲ್ಲಿ ಪೇಲಿನ್ ಅವರು ಅಫ್ಘಾನಿಸ್ತಾನದ ಹಮೀದ್ ಕರ್ಜಾಯಿ, ಕೊಲಂಬಿಯಾದ ಅಲ್ವಾರೊ ಉರಿಬೆ, ಇರಾಕ್‌ನ ಜಲಾಲ್ ತಲಬಾನಿ, ಪಾಕಿಸ್ತಾನದ ಆಸಿಫ್ ಅಲಿ ಜರ್ದಾರಿ ಮೊದಲಾದವರನ್ನು ಭೇಟಿಯಾದರು. ಪತ್ರಕರ್ತರನ್ನು ಒಳಗೆ ಬಿಟ್ಟದ್ದು ಕ್ಷಣಕಾಲ ಮಾತ್ರ. ಇಂಥ ಭೇಟಿಯಲ್ಲಿ ಆತಿಥೇಯನಾಗಲಿ ಅತಿಥಿಯಾಗಲಿ ಮನಸ್ಸಿನ ಮಾತನ್ನು ಆಡುವುದಿಲ್ಲ. ಜರ್ದಾರಿ ಅವರು ಪೇಲಿನ್ ಅವರ ಚೆಲುವನ್ನು ಹೊಗಳಿ ಆಡಿದ ಮಾತುಗಳಿಗೆ ಪಾಕಿಸ್ತಾನದಲ್ಲೇ ತೀವ್ರ ಆಕ್ಷೇಪ ಬಂತು. ಆ ಪ್ರಕರಣ ಪೇಲಿನ್ ಅವರ ಅರ್ಹತೆಯ ಬಗ್ಗೆ ಪಾಕಿಸ್ತಾನ ಏನು ಯೋಚಿಸಿತು ಎಂಬುದನ್ನು ತಿಳಿಸುವುದಿಲ್ಲ.

ಪಾಸ್‌ಪೋರ್ಟಿನ ವಿಷಯದಲ್ಲಿ ನನ್ನದೊಂದು ಮಾತಿದೆ. ಪೇಲಿನ್ ಅವರು ಪಾಸ್‌ಪೋರ್ಟ್ ಮಾಡಿಸಿದ್ದು 2007ರಲ್ಲಿ, ಕುವೈತ್‌ನಲ್ಲಿದ್ದ ಅಲಾಸ್ಕದ ಸೈನಿಕರನ್ನು ಕಾಣಲು ಹೋಗುವಾಗ. ಯುರೋಪಿನ ಬರಹಗಾರರಿಗೆ ಇದು ಅಚ್ಚರಿಯ ಸಂಗತಿಯಾಯಿತು. ಎರಡು ಗಂಟೆ ಪ್ರಯಾಣ ಮಾಡಿದರೆ ಇನ್ನೊಂದು ದೇಶ ಸಿಗುವ ನೆಲದಲ್ಲಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ನಮಗೂ ಅದೇ ಅಳತೆಗೋಲು ಒಪ್ಪಿತವೇ? ಪಾಸ್‌ಪೋರ್ಟ್ ಕಂಡೇ ಇಲ್ಲದ ಮಂಡ್ಯದ ರೈತ ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪನ್ನು ಟಿಎಂಸಿ ಲೆಕ್ಕದ ಸಮೇತ ವಿವರಿಸಬಲ್ಲ. ಪ್ರಯಾಣ ಮಾಡದಿರುವುದು ಕೊರತೆಯಲ್ಲ. ಕೇಳಿದ ಪ್ರಶ್ನೆಗೆ ವಿಷಯ ತಿಳಿದು ಉತ್ತರಿಸಲಾಗದಿರುವುದು ಕೊರತೆ. ಕೌರಿಕ್ ಅವರ ಸಂದರ್ಶನದಲ್ಲಿ, ಯಾವ ಪತ್ರಿಕೆಗಳನ್ನು ಓದುತ್ತೀರಿ ಎಂಬ ಸರಳ ಪ್ರಶ್ನೆಗೆ ಪೇಲಿನ್ ಅವರು ಒಂದು ಹೆಸರನ್ನೂ ಹೇಳದಿದ್ದುದು ನನ್ನ ದೃಷ್ಟಿಯಲ್ಲಿ ಪಾಸ್‌ಪೋರ್ಟಿಗಿಂತ ಭಾರವಾದ ಸಂಗತಿ.

ಕನ್ನಡಕ್ಕೆ ತರುವಾಗ ಎಡವುವ ಪದಗಳು

ಸೇಂಟ್ ಪಾಲ್ ಭಾಷಣದಲ್ಲಿ ಪೇಲಿನ್ ಅವರು ತಮ್ಮನ್ನು "ಹಾಕಿ ಮಾಮ್" ಎಂದು ಕರೆದುಕೊಂಡರು. ಇದನ್ನು "ಹಾಕಿ ತಾಯಿ" ಎಂದು ಬರೆದರೆ ಮೈಸೂರಿನ ಓದುಗರಿಗೆ ಮೊದಲು ನೆನಪಾಗುವುದು ಕೊಡಗಿನ ಹಾಕಿ ಹಬ್ಬ, ಮೈದಾನದ ಹಾಕಿ. ಅವರು ಹೇಳಿದ್ದು ಹಿಮದ ಮೇಲಿನ ಹಾಕಿ, ಮತ್ತು ಚುಮುಚುಮು ಬೆಳಗಿನಲ್ಲಿ ಮಕ್ಕಳನ್ನು ಅಭ್ಯಾಸಕ್ಕೆ ಕರೆದೊಯ್ದು ಕಾಯುವ ಸಾಮಾನ್ಯ ಮನೆತನದ ತಾಯಿಯ ಚಿತ್ರ. ಕೆನಡಾದ ಓದುಗರಿಗೆ ಆ ಚಿತ್ರ ಒಡನೆಯೇ ಅರ್ಥವಾಗುತ್ತದೆ; ಬ್ರಿಟನ್ನಿನವರಿಗೂ ನಮಗೂ ವಿವರಣೆ ಬೇಕಾಗುತ್ತದೆ. ಒಂದು ವಾಕ್ಯದ ವಿವರಣೆ ಕೊಟ್ಟು ಮುಂದೆ ಹೋಗಿ. ಅವರು ಬೇಟೆಯಾಡಿದ ಮೂಸ್ ಕಡವೆಯಲ್ಲ. ಅದನ್ನು ಮೂಸ್ ಎಂದೇ ಬರೆದು, ಜಿಂಕೆಯ ಜಾತಿಯ ಅತಿ ದೊಡ್ಡ ಪ್ರಾಣಿ ಎಂದು ಹೇಳಿದರೆ ಸಾಕು.

"ಮ್ಯಾವರಿಕ್" ಎಂಬುದು ಮೆಕೇನ್ ಮತ್ತು ಪೇಲಿನ್ ಇಬ್ಬರೂ ತಮಗೆ ಹಚ್ಚಿಕೊಂಡ ಪದ. ಅನೇಕರು ಇದನ್ನು "ಒಂಟಿಸಲಗ" ಎಂದು ಅನುವಾದಿಸುತ್ತಾರೆ. ಕಾಡಂಚಿನ ಊರುಗಳ ನಮಗೆ ಒಂಟಿಸಲಗವೆಂದರೆ ಗದ್ದೆಗೆ ನುಗ್ಗಿ ಪ್ರಾಣ ತೆಗೆಯುವ ಆನೆ; ಆ ಪದದಲ್ಲಿ ಭಯವಿದೆ. ಮೂಲಪದ ಹುಟ್ಟಿದ್ದು ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ಟೆಕ್ಸಸ್ಸಿನ ಭೂಮಾಲೀಕ ತನ್ನ ದನಗಳಿಗೆ ಬರೆ ಹಾಕಿ ಗುರುತು ಮಾಡದೆ ಬಿಟ್ಟದ್ದರಿಂದ. ಯಾರ ಗುರುತೂ ಇಲ್ಲದ ದನ, ಯಾವ ಬಣಕ್ಕೂ ಕಟ್ಟುಬೀಳದ ರಾಜಕಾರಣಿ. "ಬಣಕ್ಕೆ ಸೇರದವರು" ಎಂದು ಸರಳವಾಗಿ ಬರೆಯುವುದು ಮೇಲು.

"ಸೋಷಿಯಲಿಸಂ" ಪದಕ್ಕೆ ಹೆಚ್ಚಿನ ಎಚ್ಚರ ಬೇಕು. ಅಕ್ಟೋಬರ್‌ನಲ್ಲಿ ಪೇಲಿನ್ ಅವರು ಒಬಾಮ ಅವರ ತೆರಿಗೆ ನೀತಿಯನ್ನು ಸಮಾಜವಾದದ ಪ್ರಯೋಗವೆಂದು ದೂರಿದರು. ಶಾಂತವೇರಿ ಗೋಪಾಲಗೌಡರ ಹೆಸರನ್ನು ಗೌರವದಿಂದ ಹೇಳುವ ನಾಡಿನಲ್ಲಿ ಸಮಾಜವಾದಿ ಎಂಬುದು ಬಿರುದು. ಅಲ್ಲಿ ಅದು ಆರೋಪ. ಸ್ವೀಡನ್ನಿನ ಅಥವಾ ಫ್ರಾನ್ಸಿನ ವೀಕ್ಷಕ ಆ ಆರೋಪವನ್ನು ಕಂಡು ಏಕೆ ವಿಸ್ಮಯಪಟ್ಟ ಎಂಬುದು ನಮ್ಮ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ. ಅಮೆರಿಕದ ಮತದಾರ ಏಕೆ ವಿಸ್ಮಯಪಡಲಿಲ್ಲ ಎಂಬುದನ್ನೇ ನೀವು ವಿವರಿಸಬೇಕಾಗುತ್ತದೆ.

ಮೆಚ್ಚಿದವರನ್ನೂ ಓದಿ

ಹೊರದೇಶಗಳಲ್ಲಿ ಪೇಲಿನ್ ಅವರನ್ನು ಮೆಚ್ಚಿದವರು ಇರಲೇ ಇಲ್ಲವೆಂಬ ಭಾವನೆ ಸುಳ್ಳು. ಸಮಾವೇಶದ ಭಾಷಣದ ನಂತರದ ವಾರದಲ್ಲಿ ಬ್ರಿಟನ್ನಿನ ಸಂಪ್ರದಾಯವಾದಿ ಬರಹಗಾರರಲ್ಲಿ ಕೆಲವರು ಅವರ ಮಾತಿನ ಕೆಚ್ಚನ್ನು ಹೊಗಳಿದರು. ಇನ್ನು ಕೆಲವರು ಆಕೆಯ ನೀತಿಗಳನ್ನು ಒಪ್ಪದೆಯೂ, ಐದು ಮಕ್ಕಳ ತಾಯಿ ಈ ಹೊಣೆಯನ್ನು ಹೇಗೆ ನಿಭಾಯಿಸುತ್ತಾಳೆ ಎಂಬ ಪ್ರಶ್ನೆಯನ್ನು ಗಂಡು ಅಭ್ಯರ್ಥಿಗಳಿಗೆ ಏಕೆ ಕೇಳುವುದಿಲ್ಲ ಎಂದು ಕೇಳಿದರು. ಈ ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ. ಉಡುಪು, ರೂಪ, ಮಗಳ ಗರ್ಭ ಇವುಗಳ ಮೇಲೆ ನಿಂತ ಲೇಖನಗಳನ್ನು ಒಂದು ಕಟ್ಟಾಗಿ, ಆಡಳಿತ ಮತ್ತು ನೀತಿಯ ಮೇಲೆ ನಿಂತವನ್ನು ಇನ್ನೊಂದು ಕಟ್ಟಾಗಿ ಬೇರೆ ಮಾಡಿ. ಮೊದಲ ಕಟ್ಟಿನಿಂದ ಪ್ರಬಂಧಕ್ಕೆ ಏನನ್ನೂ ತೆಗೆದುಕೊಳ್ಳಬೇಡಿ, ಅದು ಇತ್ತು ಎಂಬ ಸಂಗತಿಯ ಹೊರತು.

ನಿಮ್ಮ ಪ್ರಬಂಧವನ್ನು ಬರೆಯುವಾಗ

ಅಮೆರಿಕದ ಚುನಾವಣೆಯಲ್ಲಿ ನಮಗೆ ಮತವಿಲ್ಲ. ಹೊರಗಿನವರು ಇದನ್ನು ಮರೆತರೆ ಏನಾಗಬಹುದು ಎಂಬುದಕ್ಕೆ 2004ರ ಪ್ರಸಂಗವೊಂದನ್ನು ಹೇಳುತ್ತೇನೆ. ಬ್ರಿಟನ್ನಿನ ದಿ ಗಾರ್ಡಿಯನ್ ಪತ್ರಿಕೆ ತನ್ನ ಓದುಗರಿಗೆ ಓಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿಯ ಮತದಾರರ ವಿಳಾಸಗಳನ್ನು ಒದಗಿಸಿ, ಅಧ್ಯಕ್ಷೀಯ ಚುನಾವಣೆಯ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿ ಅವರಿಗೆ ಪತ್ರ ಬರೆಯುವಂತೆ ಕರೆ ಕೊಟ್ಟಿತು. ಅಲ್ಲಿಂದ ಸಿಟ್ಟಿನ ಉತ್ತರಗಳು ಸುರಿದು ಬಂದವು, ಯೋಜನೆಯನ್ನು ನಿಲ್ಲಿಸಬೇಕಾಯಿತು. 2000ದಲ್ಲಿ ಬುಷ್ ಅವರ ಎದುರಾಳಿ ಅಲ್ ಗೋರ್ ಅವರನ್ನು ಗೆಲ್ಲಿಸಿದ್ದ ಆ ಕೌಂಟಿ 2004ರಲ್ಲಿ ಬುಷ್ ಅವರ ಪಾಲಾಯಿತು. ಪತ್ರಗಳಿಂದಲೇ ಹಾಗಾಯಿತು ಎನ್ನಲು ಆಧಾರವಿಲ್ಲ, ನೀವೂ ಹಾಗೆ ಬರೆಯಬೇಡಿ. ಆದರೆ ಹೊರಗಿನವರ ಬುದ್ಧಿಮಾತು ಒಳಗಿನವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಆ ಉತ್ತರಗಳಲ್ಲಿ ಕಾಣುತ್ತದೆ. 2008ರಲ್ಲಿಯೂ ಯುರೋಪಿನ ನಗೆ ಹೆಚ್ಚಿದಷ್ಟೂ ಪೇಲಿನ್ ಅವರ ಸಭೆಗಳಿಗೆ ಬರುವ ಜನ ಕಡಿಮೆಯಾಗಲಿಲ್ಲ. ಅವರ ಪಕ್ಷ ಸೋತಿತು, 365ಕ್ಕೆ ಎದುರಾಗಿ 173 ಚುನಾಯಕ ಮತ ಪಡೆಯಿತು. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಗಿ ಆರ್ಥಿಕತೆ ಕುಸಿದಿತ್ತು ಎಂಬುದನ್ನು ಬಿಟ್ಟು, ಸೋಲನ್ನೆಲ್ಲ ಪೇಲಿನ್ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊದಲ ಕರಡು ಮುಗಿದ ಮೇಲೆ "ಜಗತ್ತು", "ವಿದೇಶಿಯರು", "ಎಲ್ಲರೂ" ಎಂಬ ಪದಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಪ್ರತಿಯೊಂದರ ಜಾಗದಲ್ಲಿ ದೇಶ, ಪತ್ರಿಕೆ, ದಿನ ಬರಲಿ. ಬರದಿದ್ದರೆ ವಾಕ್ಯವನ್ನೇ ತೆಗೆಯಿರಿ. "ಪಾಕಿಸ್ತಾನದ ಅಧ್ಯಕ್ಷರೂ ಪೇಲಿನ್ ಅವರನ್ನು ಮೆಚ್ಚಿದ್ದರು" ಎಂದು ಬರೆದಿದ್ದವನಿಗೆ ನಾನು ತಿದ್ದಿಸಿದ ವಾಕ್ಯ ಹೀಗಿತ್ತು: "2008ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್‌ನ ಔಪಚಾರಿಕ ಭೇಟಿಯಲ್ಲಿ ಜರ್ದಾರಿ ಅವರು ಪೇಲಿನ್ ಅವರ ರೂಪವನ್ನು ಹೊಗಳಿದರು, ಇದಕ್ಕೆ ಅವರ ದೇಶದಲ್ಲೇ ಆಕ್ಷೇಪ ವ್ಯಕ್ತವಾಯಿತು." ವಾಕ್ಯ ಉದ್ದವಾಯಿತು, ಹುಡುಗನಿಗೆ ಮೊದಲು ಬೇಸರವೂ ಆಯಿತು. "ಮೇಡಂ, ಸ್ಪರ್ಧೇಲಿ ಇಷ್ಟು ಹೇಳೋಕೆ ಟೈಮ್ ಎಲ್ಲಿರುತ್ತೆ" ಎಂದ. ಹತ್ತು ಅಭಿಪ್ರಾಯಗಳ ಬದಲು ಮೂರನ್ನು ಮಾತ್ರ ಹೇಳು ಎಂದೆ.

ಪೇಲಿನ್ ಅವರ ಮೇಲೆ ಕೈ ಪಳಗಿದ ಮೇಲೆ ಇದೇ ಕ್ರಮವನ್ನು ಈಚಿನ ಇಬ್ಬರ ಮೇಲೆ ಪ್ರಯೋಗಿಸಿ. 2020ರ ಉಪಾಧ್ಯಕ್ಷ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರ ತಾಯಿಯ ತಂದೆಯ ಪೂರ್ವಿಕರ ಊರು ತಮಿಳುನಾಡಿನ ತುಳಸೇಂದ್ರಪುರಂ. 2024ರ ಅಭ್ಯರ್ಥಿ ಜೆ.ಡಿ. ವ್ಯಾನ್ಸ್ ಅವರ ಪತ್ನಿ ಉಷಾ ಅವರ ಮನೆತನದ ಬೇರು ಆಂಧ್ರಪ್ರದೇಶದ ವಡ್ಲೂರು. ಎರಡೂ ಊರುಗಳಲ್ಲಿ ಜನ ಸಂಭ್ರಮಿಸಿದರು, ಪೂಜೆ ಮಾಡಿದರು. ನಾಲೆಯ ಯಾವ ತುದಿಯವರು ಎಂಬ ಪ್ರಶ್ನೆಯನ್ನು ಇಲ್ಲಿ ನಮ್ಮ ಪತ್ರಿಕೆಗಳಿಗೇ ಕೇಳಬೇಕಾಗುತ್ತದೆ. ವ್ಯಾನ್ಸ್ ಅವರ ವಿಷಯದಲ್ಲಿ ದಿನಾಂಕದ ಹಾಳೆಯನ್ನು ಇನ್ನೂ ಹಿಂದಿನಿಂದ ಆರಂಭಿಸಿ. ಬ್ರಿಟನ್ ಅಣ್ವಸ್ತ್ರವಿರುವ ಮೊದಲ ಇಸ್ಲಾಮಿಸ್ಟ್ ದೇಶವಾಗಬಹುದು ಎಂಬ ಅವರ ಮಾತಿಗೆ ಬ್ರಿಟನ್ನಿನ ಆಗಿನ ಉಪಪ್ರಧಾನಿ ಏಂಜೆಲಾ ರೇನರ್ ಅವರು, ಆ ಚಿತ್ರಣ ನಮ್ಮ ದೇಶದ್ದಲ್ಲ ಎಂಬರ್ಥದಲ್ಲಿ ಉತ್ತರಿಸಿದ್ದು ವ್ಯಾನ್ಸ್ ಅಭ್ಯರ್ಥಿಯಾದ ಮೇಲೆ. ಆದರೆ ಆ ಮಾತನ್ನು ವ್ಯಾನ್ಸ್ ಆಡಿದ್ದು 2024ರ ಜುಲೈ 15ರಂದು ಅಭ್ಯರ್ಥಿಯಾಗಿ ಘೋಷಿತರಾಗುವುದಕ್ಕೆ ಕೆಲವು ದಿನ ಮೊದಲು, ಸೆನೆಟರ್ ಆಗಿದ್ದಾಗ. ಉಕ್ರೇನಿಗೆ ಏನಾದರೂ ನನಗೆ ಚಿಂತೆಯಿಲ್ಲ ಎಂಬರ್ಥದ, ಯುರೋಪ್ ನೆನಪಿಟ್ಟುಕೊಂಡ ಅವರ ಮಾತು 2022ರ ಫೆಬ್ರುವರಿಯದು, ಆಗ ಅವರು ಸೆನೆಟರ್ ಕೂಡ ಆಗಿರಲಿಲ್ಲ. ಈ ಮೂರು ದಿನಾಂಕಗಳನ್ನು ಹಾಳೆಯ ಎಡಭಾಗದಲ್ಲಿ ಬರೆದುಕೊಂಡು, ಬಲಭಾಗವನ್ನು ತುಂಬಲು ತೊಡಗಿ.